ಗಂಟು ಹಾಕಿದ ವೈರು

ಅಪ್ಪನ ಯೆಜ್ಡಿ ನಮ್ಮೂರಿಂದ ಬೆಂಗಳೂರಿಗೆ ಬಂದಿದ್ದು ಟಾಟಾ ಏಸ್‌ನಲ್ಲಿ, ಎರಡು ಮೂಟೆ ತೆಂಗಿನಕಾಯಿಯ ಜೊತೆ. 1979ರ ಮಾಡೆಲ್ಲು. 2010ರಲ್ಲಿ ಅಪ್ಪ ಬೇರೆ ಗಾಡಿ ತಗೊಂಡ ಮೇಲೆ ಇದು ದನದ ಕೊಟ್ಟಿಗೆಯ ಮೂಲೆ ಸೇರಿತ್ತು. ಸೀಟಿನ ಮೇಲೆ ಕೋಳಿ ಮೊಟ್ಟೆ ಇಡುತ್ತಿತ್ತು. ಗುಜರಿಯವನು ಎರಡು ಸಲ ಬಂದು ರೇಟು ಕೇಳಿ ಹೋಗಿದ್ದ. ಮೂರನೇ ಸಲ ಬಂದಾಗ ಅಪ್ಪ ನನಗೆ ಫೋನ್ ಮಾಡಿ, "ನಿಂಗೆ ಬೇಕಾ, ಕೊಟ್ಬಿಡ್ಲಾ?" ಅಂದರು. ಮೀಟಿಂಗ್‌ನಲ್ಲಿದ್ದೆ. ಮ್ಯೂಟ್ ಮಾಡಿಕೊಂಡು "ಬೇಕು" ಅಂದೆ.

ನಾನು ಓದಿದ್ದು ಬಿಇ, ಎಲೆಕ್ಟ್ರಾನಿಕ್ಸ್. ಆಫೀಸಲ್ಲಿ ಬರೆಯೋದು ಜಾವಾ ಕೋಡು. ಶನಿವಾರ ಮನೇಲೂ ಜಾವಾ ಬಿಚ್ಕೊಂಡು ಕೂತಿದೀನಿ ಅಂದಾಗ ಟೀಮಿನವರು ಅಯ್ಯೋ ಪಾಪ ಅಂದ್ರು. ನಮ್ಮೂರಲ್ಲಿ ಯೆಜ್ಡಿಯನ್ನೂ ಜಾವ ಅಂತಲೇ ಕರೀತಾರೆ. ಅದು ತಪ್ಪೇನಲ್ಲ, ಎರಡೂ ಒಂದೇ ಬಳ್ಳಿಯ ಕಾಯಿ.

ಆ ಬಳ್ಳಿಯ ಬೇರು ಇರೋದು ಪ್ರಾಗ್‌ನಲ್ಲಿ. ಅಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಅನ್ನೋ ಎಂಜಿನಿಯರು ಗ್ರೆನೇಡು, ಬಂದೂಕು ತಯಾರಿಸುವ ಕಾರ್ಖಾನೆ ನಡೆಸುತ್ತಿದ್ದ. ಯುದ್ಧ ಮುಗಿದ ಮೇಲೆ ಗ್ರೆನೇಡು ಯಾರಿಗೆ ಬೇಕು? 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಒಂದು ಮೋಟಾರ್‌ಸೈಕಲ್ಲಿನ ವಿನ್ಯಾಸ ಕೊಂಡುಕೊಂಡ. ರೋಮನ್ ಲಿಪಿಯಲ್ಲಿ ತನ್ನ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್‌ನ ಮೊದಲೆರಡು ಅಕ್ಷರ ಸೇರಿಸಿದ. ಜಾವಾ ಆಯ್ತು. ಎರಡನೇ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಪ್ಯಾರಿಸ್ ಪ್ರದರ್ಶನದಲ್ಲಿ ಹೊಸ 250 ಸಿಸಿ ಜಾವಾ ಬಂತು. ಗೇರ್ ಹಾಕುವಾಗ ಕ್ಲಚ್ ತಾನೇ ಬಿಟ್ಟುಕೊಳ್ಳುವ ಏರ್ಪಾಡು ಅದರಲ್ಲಿತ್ತು. ಮುಂದಿನ ಮಾಡೆಲ್‌ಗಳಲ್ಲಿ ಕಿಕ್ಕರ್ರೂ ಗೇರ್ ಲಿವರ್ರೂ ಒಂದೇ ಆಯ್ತು: ಸ್ಟಾರ್ಟ್ ಮಾಡು, ಮುಂದಕ್ಕೆ ತಿರುಗಿಸು, ಅದರಲ್ಲೇ ಗೇರ್ ಹಾಕು. ನಮ್ಮಪ್ಪನ ಗಾಡೀಲೂ ಅದೇ ಲಿವರ್.

ಸ್ವಾತಂತ್ರ್ಯ ಬಂದ ಮೇಲೆ ಬಾಂಬೆಯ ಇರಾನಿ ಕುಟುಂಬದವರು ಜಾವಾಗಳನ್ನು ಆಮದು ಮಾಡಿ ಮಾರುತ್ತಿದ್ದರು. ಐವತ್ತರ ದಶಕದಲ್ಲಿ ಸರ್ಕಾರ ಆಮದಿನ ಬಿಗಿ ಹೆಚ್ಚಿಸಿತು. ಮಾರಬೇಕಾದ್ರೆ ಇಲ್ಲೇ ತಯಾರಿಸಿ ಅನ್ನೋ ಕಾಲ. ಹಾಗೆ 1960ರಲ್ಲಿ ಐಡಿಯಲ್ ಜಾವಾ ಕಂಪನಿ ಹುಟ್ಟಿತು. ರುಸ್ತುಂ ಇರಾನಿ ಮತ್ತು ಫಾರುಕ್ ಇರಾನಿ ಕಾರ್ಖಾನೆ ಕಟ್ಟಿದ್ದು ಮೈಸೂರಿನ ಯಾದವಗಿರಿಯಲ್ಲಿ. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅದನ್ನು ಉದ್ಘಾಟಿಸಿದರು. 1961ರಿಂದ ಗಾಡಿಗಳು ಗೇಟು ದಾಟಿ ಹೊರಬಂದವು. ಮೊದಮೊದಲು ಬಿಡಿಭಾಗಗಳು ಜೆಕೊಸ್ಲೊವಾಕಿಯಾದಿಂದ ಬರುತ್ತಿದ್ದವು, ಆಮೇಲೆ ಒಂದೊಂದಾಗಿ ಇಲ್ಲೇ ತಯಾರಾದವು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಅಂತ ಬದಲಾಯಿತು. ಇರಾನಿನ ಯಜ್ದ್ ಪಟ್ಟಣದ ನೆನಪು ಅದು. ಜೆಕ್ ಎಂಜಿನ್ನು, ಪಾರಸಿ ಹೆಸರು, ಮೈಸೂರಿನ ಕೈ. ಓಡಿಸಿದ್ದು ಮಾತ್ರ ನಮ್ಮಂಥ ಊರಿನ ಮೇಷ್ಟ್ರು, ಹಾಲಿನವರು, ಕಬ್ಬು ಬೆಳೆಯೋರು.

ಅಂಥ ಗಾಡಿಯನ್ನು ಸರಿ ಮಾಡೋಕೆ ನನ್ನ ಮೊದಲ ಪ್ಲಾನು ಸುಲಭದ್ದೇ ಆಗಿತ್ತು. ಹಳೇ 6 ವೋಲ್ಟ್ ಡೈನಮೋ, ಪಾಯಿಂಟ್ಸು ಎಲ್ಲಾ ಕಿತ್ತೆಸೆದು 12 ವೋಲ್ಟ್ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕೋದು. ಹಳೇ ಯಿಕೋವ್ ಕಾರ್ಬ್ಯುರೇಟರ್ ತೆಗೆದು ಹೊಸದು ಕೂರಿಸೋದು. ವೈರಿಂಗ್ ಪೂರ್ತಿ ಹೊಸದು. ಆಫೀಸಿನ ಭಾಷೇಲಿ ಹೇಳೋದಾದ್ರೆ ರೀರೈಟ್. ಹಳೇ ಕೋಡು ಓದೋಕೆ ಬೇಜಾರಾದಾಗ ನಾವೆಲ್ಲ ಹೇಳೋ ಮಾತು.

ಕಿಟ್ಟು ಬರೋಕೆ ಎರಡು ವಾರ ಅಂದರು. ಅಷ್ಟರಲ್ಲಿ ಹಳೇದನ್ನ ಬಿಚ್ಚಿಡೋಣ ಅಂತ ಹೆಡ್‌ಲೈಟ್ ತೆಗೆದೆ. ಈ ಗಾಡಿಯ ಮೆದುಳು ಅಲ್ಲೇ ಇರೋದು. ಮೊಳೆಯಂಥ ಕೀ ಒತ್ತುವ ಇಗ್ನಿಷನ್ ಸ್ವಿಚ್ಚು ಹೆಡ್‌ಲೈಟಿನ ಮೇಲೇ ಇದೆ. ಒಳಗೆ ನೋಡಿದರೆ ಹಕ್ಕಿಗೂಡು! ಕಂಪನಿಯ ವೈರಿಗೆ ಪಂಪ್‌ಸೆಟ್ಟಿನ ವೈರು, ಅದಕ್ಕೆ ಟೆಲಿಫೋನ್ ವೈರು, ಅದಕ್ಕೆ ಮನೆ ಬಲ್ಬಿನ ಅವಳಿ ವೈರು. ಜಾಯಿಂಟುಗಳಿಗೆ ಟೇಪು, ಟೇಪು ಸಿಗದ ಕಡೆ ಸೈಕಲ್ ಟ್ಯೂಬಿನ ಪಟ್ಟಿ.

ನಕ್ಕೆ. ಫೋಟೋ ತೆಗೆದು ಫ್ರೆಂಡ್ಸ್ ಗ್ರೂಪಿಗೂ ಹಾಕಿದೆ. ಆಮೇಲೆ ಮಲ್ಟಿಮೀಟರ್ ಹಿಡಿದು ಒಂದೊಂದೇ ವೈರಿನ ಎರಡು ತುದಿ ಹುಡುಕಿ, ಚೀಟಿ ಕಟ್ಟಿ, ಹಾಳೆ ಮೇಲೆ ಬರೆಯುತ್ತಾ ಹೋದೆ. ಎರಡು ಭಾನುವಾರ ಹಿಡಿಯಿತು. ಮುಗಿಯೋ ಹೊತ್ತಿಗೆ ನಗು ನಿಂತಿತ್ತು. ಒಂದು ಜಾಯಿಂಟೂ ದಡ್ಡತನದ್ದಲ್ಲ.

ಯಾಕೆ ಅಂತ ಹೇಳ್ತೀನಿ. ವಿದ್ಯುತ್ತಿನಲ್ಲಿ 6 ವೋಲ್ಟ್ ಅನ್ನೋದು ಬಡವರ ಮನೆ ಲೆಕ್ಕದ ಹಾಗೆ, ಸೋರೋಕೆ ಬಿಡಬಾರದು. 25 ವ್ಯಾಟಿನ ಬಲ್ಬಿಗೆ 12 ವೋಲ್ಟಿನ ಗಾಡಿಯಲ್ಲಿ ಸುಮಾರು 2 ಆಂಪಿಯರ್ ಸಾಕು, 6 ವೋಲ್ಟಿನಲ್ಲಿ 4 ಬೇಕು. ತುಕ್ಕು ಹಿಡಿದ ಒಂದು ಜಾಯಿಂಟು ಕಾಲು ಓಮ್ ಅಡ್ಡಿ ಮಾಡಿದರೂ 1 ವೋಲ್ಟ್ ಅಲ್ಲೇ ಹೋಯ್ತು. ಇರೋದೇ ಆರು, ಅದರಲ್ಲಿ ಒಂದು ಸುಂಕ. ಹಾಗಾಗಿ ವೈರು ದಪ್ಪ ಇರಬೇಕು, ಅರ್ಥ್ ಗಟ್ಟಿ ಇರಬೇಕು. ನಮ್ಮೂರಿನ ಮೆಕ್ಯಾನಿಕ್ಕು ಹೆಡ್‌ಲೈಟಿಗೂ ಡೈನಮೋಗೂ ಹಾಕಿದ್ದು ಪಂಪ್‌ಸೆಟ್ಟಿನ ದಪ್ಪ ವೈರು. ಟೆಲಿಫೋನ್ ವೈರು ಹಾಕಿದ್ದು ಚಾರ್ಜಿಂಗ್ ತೋರಿಸುವ ಪುಟ್ಟ ಕೆಂಪು ಬಲ್ಬಿಗೆ ಮಾತ್ರ, ಅದಕ್ಕೆ ಅಷ್ಟೇ ಸಾಕು. ಆತ ಶಾಲೆಗೆ ಹೋದವರಲ್ಲ. ಓಮನ ನಿಯಮದ ಹೆಸರು ಕೇಳಿರಲಿಕ್ಕಿಲ್ಲ. ಆದರೆ ಯಾವ ವೈರು ಬಿಸಿಯಾಗುತ್ತೆ ಅಂತ ಬೆರಳಿಗೆ ಗೊತ್ತಿತ್ತು.

ಆಗ ಅನಿಸಿದ್ದು, ಈ ಹಕ್ಕಿಗೂಡಿನಲ್ಲಿ ಒಂದು ಇತಿಹಾಸ ಇದೆ, ಅದು ಕಾರ್ಖಾನೆಯ ಇತಿಹಾಸ ಅಲ್ಲ. ಕಾರ್ಖಾನೆಯ ಕತೆ 1996ಕ್ಕೆ ಮುಗಿಯುತ್ತೆ. ಎಂಬತ್ತರ ದಶಕದ ಮಧ್ಯದಲ್ಲಿ ಜಪಾನಿ ತಂತ್ರಜ್ಞಾನದ 100 ಸಿಸಿ ಗಾಡಿಗಳು ಬಂದವು. 1985ರಲ್ಲಿ ಬಂದ ಹೀರೊ ಹೋಂಡಾ ಸಿಡಿ 100 ಕುಡಿಯೋದೂ ಕಮ್ಮಿ, ಹೊಗೆಯೂ ಕಮ್ಮಿ. ಅದೇ ಹೊತ್ತಿಗೆ ಬಂದ ಯಮಹಾ ಆರ್‌ಎಕ್ಸ್ 100 ಹುಡುಗರ ಮನಸ್ಸು ಕದ್ದಿತು. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ, ಹಿಂದೆ ನೀಲಿ ಹೊಗೆ ಬಿಡುವ 250 ಸಿಸಿಯ ಟೂ ಸ್ಟ್ರೋಕ್ ಗಾಡಿಗೆ ಮಾರುಕಟ್ಟೆ ಕುಗ್ಗಿತು. ಹೊಗೆಯ ನಿಯಮಗಳೂ 1991ರಲ್ಲಿ ಬಂದು 1996ರಲ್ಲಿ ಬಿಗಿಯಾದವು. ಆ ವರ್ಷವೇ ಯಾದವಗಿರಿಯ ಗೇಟು ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಬಂದಿವೆ, ಆದರೆ ಆ ಗಾಡಿಗಳು ತಯಾರಾಗೋದು ಮಧ್ಯಪ್ರದೇಶದ ಪೀತಂಪುರದಲ್ಲಿ.

ಕಂಪನಿ ಮುಚ್ಚಿದ ದಿನವೇ ಗಾಡಿಗಳು ನಿಲ್ಲಲಿಲ್ಲವಲ್ಲ. ಡೀಲರ್ ಇಲ್ಲ, ಸರ್ವಿಸ್ ಸೆಂಟರ್ ಇಲ್ಲ, ಪಾರ್ಟ್ಸ್ ಬೇಕಾದ್ರೆ ಬೆಂಗಳೂರಿನ ಜೆ.ಸಿ. ರೋಡು, ಶಿವಾಜಿನಗರದ ಗುಜರಿ. ನಮ್ಮಪ್ಪನ ಗಾಡಿ ಆಮೇಲೂ 14 ವರ್ಷ ಓಡಿದೆ. ಓಡಿಸಿದ್ದು ಬಸ್‌ಸ್ಟಾಂಡ್ ಪಕ್ಕ ಹುಣಸೆ ಮರದ ಕೆಳಗೆ ಕೂತಿರುತ್ತಿದ್ದ ಒಬ್ಬ ಮನುಷ್ಯ, ಎರಡು ಸ್ಪ್ಯಾನರು, ಒಂದು ಇಕ್ಕಳ. ಗಾಡಿ ಮಾಡಿದವರ ಹೆಸರು ಟ್ಯಾಂಕಿನ ಮೇಲಿದೆ. ಉಳಿಸಿದವರ ಹೆಸರು ಎಲ್ಲೂ ಇಲ್ಲ.

ಕೊನೆಗೆ ಎಲ್ಲಾ ವೈರಿಗೂ ಚೀಟಿ ಬಿತ್ತು, ಎರಡು ಬಿಟ್ಟು. ಬ್ಯಾಟರಿ ಡಬ್ಬಿಯಿಂದ ಹೊರಟ ಎರಡು ವೈರು ಸೀಟಿನ ಕೆಳಗೆ ಬಂದು ಸುಮ್ಮನೆ ನಿಂತಿದ್ದವು. ಯಾವ ಬಲ್ಬಿಗೂ ಹೋಗಲ್ಲ, ಯಾವ ಸ್ವಿಚ್ಚಿಗೂ ಹೋಗಲ್ಲ. ತುದಿಗೆ ರಬ್ಬರ್ ಸುತ್ತಿದೆ. ಎರಡೂ ಕಪ್ಪು ಬಣ್ಣ. ಒಂದಕ್ಕೆ ಮಾತ್ರ ತುದಿಯಲ್ಲಿ ಒಂದು ಗಂಟು. ಡೆಡ್ ಕೋಡು ಅಂತ ಇಕ್ಕಳ ತಗೊಂಡೆ. ಯಾಕೋ ಕತ್ತರಿಸೋ ಮೊದಲು ಅಪ್ಪನಿಗೆ ಫೋಟೋ ಕಳಿಸಿ ಫೋನ್ ಮಾಡಿದೆ.

"ಅದ್ನ ಕಟ್ ಮಾಡ್ಬೇಡ ಕಣ್ಲಾ. ಸೆಲ್ ಹಾಕೋ ವೈರದು" ಅಂದರು.

2006. ಬ್ಯಾಟರಿ ಸತ್ತಿತ್ತು. ಕಬ್ಬಿನ ದುಡ್ಡು ಬಂದಿರಲಿಲ್ಲ. ಹೊಸ ಬ್ಯಾಟರಿ ಬದಲು ಮೆಕ್ಯಾನಿಕ್ಕು ಈ ಎರಡು ವೈರು ಎಳೆದುಕೊಟ್ಟರಂತೆ. ತೋಟಕ್ಕೆ ಒಯ್ಯುವ ಟಾರ್ಚಿನ ದಪ್ಪ ಸೆಲ್ಲುಗಳನ್ನು, ನಾಲ್ಕು, ಸಾಲಾಗಿ ಟ್ಯೂಬಿನೊಳಗೆ ತುರುಕೋದು. ಒಂದೂವರೆ ವೋಲ್ಟಿನಂತೆ ನಾಲ್ಕು ಸೇರಿದರೆ ಆರು. ವೈರು ಹಿಡಿದು ಕಿಕ್ ಹೊಡೆದರೆ ಕಾಯಿಲ್‌ಗೆ ಒಂದಿಷ್ಟು ಕರೆಂಟು ಸಿಗುತ್ತೆ, ಕಿಡಿ ಬರುತ್ತೆ. ಎಂಜಿನ್ ಎದ್ದು ಆಕ್ಸಿಲರೇಟರ್ ಕೊಟ್ಟರೆ ಡೈನಮೋ ಶಕ್ತಿ ಹೆಚ್ಚಿ ರೆಗ್ಯುಲೇಟರಿನ ಕಟ್‌ಔಟ್ ಕೂಡಿಕೊಳ್ಳುತ್ತೆ, ಕೆಂಪು ಬಲ್ಬು ಆರುತ್ತೆ. ಆಗ ಸೆಲ್ಲು ತೆಗೆದು ಜೇಬಿಗೆ ಹಾಕ್ಕೊಳ್ಳೋದು. ಇನ್ನು ಡೈನಮೋ ಪಾಡು ಡೈನಮೋಗೆ. ಗಂಟು ಯಾಕೆ? "ಕತ್ಲಲ್ಲಿ ಪ್ಲಸ್ ಯಾವ್ದು ಗೊತ್ತಾಗ್ಬೇಕಲ್ಲ. ರಾತ್ರಿ ಕರೆಂಟ್ ಬಂದಾಗ್ಲೇ ಅಲ್ವಾ ತೋಟಕ್ಕೆ ಹೋಗ್ತಿದ್ದಿದ್ದು."

"ಒಂದು ಬ್ಯಾಟರಿ ತಗೋಬಹುದಿತ್ತಲ್ಲಪ್ಪ" ಅಂದೆ.

"ತಗೋಬೌದಿತ್ತು. ಆ ವರ್ಷ ನಿನ್ ಹಾಸ್ಟೆಲ್ ಫೀಸಿತ್ತು" ಅಂದರು. ಹವಾಮಾನ ಹೇಳಿದ ಹಾಗೆ ಹೇಳಿದರು. ಆಮೇಲೆ ತೆಂಗಿನಕಾಯಿ ಖಾಲಿ ಆಯ್ತಾ ಅಂತ ಕೇಳಿದರು.

2006ರಲ್ಲಿ ನಾನು ಮೈಸೂರಿನಲ್ಲಿ ಪಿಯುಸಿ. ಒಂದು ಸಲ ಅಪ್ಪ ಹಾಸ್ಟೆಲ್ಲಿಗೆ ಬಂದವರು ಗೇಟಿನ ಮುಂದೆ ಗಾಡಿ ನಿಲ್ಲಿಸಿ, ನಾನು ಕೆಳಗೆ ಬರೋವರೆಗೂ ಆಫ್ ಮಾಡದೆ ರೊಂಯ್ ರೊಂಯ್ ಅಂತ ಆಕ್ಸಿಲರೇಟರ್ ಕೊಡ್ತಾನೇ ಇದ್ರು. ಹುಡುಗರು ಕಿಟಕಿಯಲ್ಲಿ ನಿಂತು ನಕ್ಕರು. ಹಳ್ಳಿಯಿಂದ ಬಂದವರಿಗೆ ಶೋಕಿ ಅಂತ ಅಂದುಕೊಂಡು ನನಗೂ ನಾಚಿಕೆ. "ಆಫ್ ಮಾಡಪ್ಪ, ಎಲ್ಲ ನೋಡ್ತಾವ್ರೆ" ಅಂದಿದ್ದೆ. ಬ್ಯಾಟರಿ ಇಲ್ಲದ ಗಾಡಿ, ಆಕ್ಸಿಲರೇಟರ್ ಬಿಟ್ಟರೆ ಡೈನಮೋ ಕೆಳಗಿಳಿದು ಎಂಜಿನ್ ನಿಂತುಹೋಗುತ್ತೆ ಅಂತ ಅವರು ಹೇಳಲಿಲ್ಲ. ಡೈನಮೋ ಬಗ್ಗೆ ಪರೀಕ್ಷೆ ಬರೆದು ಪಾಸಾದ ನನಗೆ ಇದು ಗೊತ್ತಾಗೋಕೆ ಇಷ್ಟು ವರ್ಷ ಬೇಕಾಯ್ತು.

ಕಿಟ್ ಬಂತು. ವಾಪಸ್ ಕಳಿಸಿದೆ. ಡೈನಮೋ ಹಾಗೇ ಇಟ್ಟುಕೊಂಡೆ. ಕಾರ್ಬನ್ ಬ್ರಷ್ ಬದಲಾಯಿಸಿದೆ, ಕಮ್ಯುಟೇಟರ್ ತಿಕ್ಕಿ ಒರೆಸಿದೆ, ಪಾಯಿಂಟ್ಸಿನ ಸಂದು 0.4 ಮಿಲಿಮೀಟರಿಗೆ ಇಟ್ಟೆ. ಬಿರುಕು ಬಿಟ್ಟ ವೈರುಗಳನ್ನು ಬದಲಾಯಿಸಲೇಬೇಕಿತ್ತು, ಇಲ್ಲದಿದ್ದರೆ ಪೆಟ್ರೋಲ್ ಟ್ಯಾಂಕಿನ ಕೆಳಗೇ ಶಾರ್ಟ್ ಆಗುತ್ತೆ. ಆದರೆ ಯಾವ ದಾರಿಯಲ್ಲಿ ಆತ ಎಳೆದಿದ್ದರೋ ಅದೇ ದಾರಿಯಲ್ಲಿ ಹೊಸದನ್ನ ಎಳೆದೆ. ಹೆಡ್‌ಲೈಟಿಗೆ ದಪ್ಪ ವೈರು, ಫ್ರೇಮಿನ ಬಣ್ಣ ಕೆರೆದು ಗಟ್ಟಿ ಅರ್ಥ್.

ಕಾರ್ಬ್ಯುರೇಟರ್ ಕೂಡ ಹಳೇದೇ. ಜೆಟ್ಟುಗಳಲ್ಲಿ ಹಳೇ ಪೆಟ್ರೋಲು ಒಣಗಿ ಅಂಟು ಆಗಿತ್ತು. ಕಬ್ಬಿಣದ ತಂತಿ ತೂರಿಸಿದರೆ ಹಿತ್ತಾಳೆಯ ರಂಧ್ರ ದೊಡ್ಡದಾಗಿ ಪೆಟ್ರೋಲು ಜಾಸ್ತಿ ಹೋಗುತ್ತೆ, ಅದಕ್ಕೆ ಗಾಳಿ ಹೊಡೆಸಿ, ತಾಮ್ರದ ಒಂದೆಳೆ ಬಳಸಿ ಬಿಡಿಸಿದೆ. ಹಿತ್ತಾಳೆ ಭಾಗಗಳನ್ನು ಹುಣಸೆಹಣ್ಣಿನ ನೀರಲ್ಲಿ ತೊಳೆದೆ, ದೇವರ ದೀಪದ ಹಾಗೆ ಹೊಳೆದವು. ಹಿತ್ತಾಳೆಯ ಫ್ಲೋಟನ್ನು ಬಿಸಿನೀರಲ್ಲಿ ಮುಳುಗಿಸಿ ಗುಳ್ಳೆ ಬರುತ್ತಾ ನೋಡಿದೆ, ಬರಲಿಲ್ಲ, ಅಂದರೆ ತೂತಿಲ್ಲ. ಪೈಪು, ವಾಷರ್ರು ಮಾತ್ರ ಹೊಸದು. ಈಗಿನ ಪೆಟ್ರೋಲಿನಲ್ಲಿರೋ ಎಥನಾಲ್ ಹಳೇ ರಬ್ಬರನ್ನು ತಿನ್ನುತ್ತೆ, ನೀರನ್ನೂ ಎಳೆದುಕೊಳ್ಳುತ್ತೆ. ಹಾಗಾಗಿ ವಾರಗಟ್ಟಲೆ ನಿಲ್ಲಿಸೋದಾದ್ರೆ ಕಾರ್ಬ್ಯುರೇಟರಿನ ಬಟ್ಟಲು ಖಾಲಿ ಮಾಡಿಡಬೇಕು.

ಆ ಎರಡು ವೈರು ಇನ್ನೂ ಇವೆ. ತುದಿಗೆ ಹೊಸ ರಬ್ಬರ್ ಹಾಕಿದೀನಿ. ಗಂಟು ಬಿಚ್ಚಿಲ್ಲ. ನಾನು ಬರೆದ ವೈರಿಂಗ್ ಹಾಳೆಯಲ್ಲಿ ಅವಕ್ಕೂ ಜಾಗ ಕೊಟ್ಟು "ಸೆಲ್ ವೈರು, 2006, ಗಂಟು ಅಂದ್ರೆ ಪ್ಲಸ್" ಅಂತ ಬರೆದಿದೀನಿ. ಮೆಕ್ಯಾನಿಕ್ಕಿಗೆ ತೋರಿಸಬೇಕು ಅಂತಿತ್ತು. ಆತ ತೀರಿಹೋಗಿ ಆರು ವರ್ಷ ಆಯ್ತು ಅಂದರು ಅಪ್ಪ.

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ, ಟಿಕ್ಲರ್ ಒತ್ತಿ ಪೆಟ್ರೋಲು ಒಸರಿದ ಮೇಲೆ, ಏಳನೇ ಕಿಕ್ಕಿಗೆ ಗಾಡಿ ಎದ್ದಿತು. ಬೇಸ್‌ಮೆಂಟ್ ತುಂಬ ಹೊಗೆ. ಸೆಕ್ಯುರಿಟಿಯವರು ಓಡಿ ಬಂದರು. ನಾನು ಅಪ್ಪನಿಗೆ ಫೋನ್ ಮಾಡಿ ಸೈಲೆನ್ಸರ್ ಹತ್ತಿರ ಹಿಡಿದೆ. ಸ್ವಲ್ಪ ಹೊತ್ತು ಕೇಳಿಸಿಕೊಂಡರು.

"ಸ್ಲೋ ಜಾಸ್ತಿ ಇಟ್ಟಿದೀಯ" ಅಂದರು. "ಕಾಲು ಸುತ್ತು ಇಳಿಸು. ಬ್ಯಾಟರಿ ಐತಲ್ಲ ಈಗ."