ಮನಸ್ತಾಪ ಕಳೆಯಲು ಮೂರು ಮೆಟ್ಟಿಲು

ಯಾರಾದರೂ ನಮ್ಮ ಮನ ನೋಯಿಸಿದರೆ ಆ ಸುದ್ದಿ ನೆರೆಹೊರೆಗೆ ಮೊದಲು ತಿಳಿಯುತ್ತದೆ. ನೋಯಿಸಿದವನ ಕಿವಿಗೆ ಬೀಳುವುದು ಕಡೆಗೆ. ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ಹೇಳುವ ಕ್ರಮ ಇದಕ್ಕೆ ತದ್ವಿರುದ್ಧ.

ನೊಂದವನೇ ತಪ್ಪಿತಸ್ಥನ ಬಳಿ ಹೋಗಿ, ಇಬ್ಬರೇ ಇರುವಾಗ ವಿಷಯ ತಿಳಿಸಬೇಕು. ಕೇಳದಿದ್ದರೆ ಒಬ್ಬಿಬ್ಬರನ್ನು ಜತೆಗೆ ಕರೆದೊಯ್ಯಬೇಕು. ಆಗಲೂ ಜಗ್ಗದಿದ್ದರೆ ಸಭೆಯ ಮುಂದಿಡಬೇಕು. ಸಭೆಯ ಮಾತನ್ನೂ ಮೀರಿದವನನ್ನು ಹೊರಗಿನವನೆಂದು ಎಣಿಸಬೇಕು. ಎರಡು-ಮೂರು ಸಾಕ್ಷಿಗಳಿರಬೇಕೆಂಬುದು ಯೆಹೂದಿ ಧರ್ಮಶಾಸ್ತ್ರದ ಹಳೆಯ ನಿಯಮ. ಉದ್ದೇಶ ಶಿಕ್ಷೆಯಲ್ಲ, ಸಹೋದರನನ್ನು ಮರಳಿ ಪಡೆಯುವುದು. ಎಷ್ಟು ಸಲ ಕ್ಷಮಿಸಬೇಕೆಂಬ ಪೇತ್ರನ ಪ್ರಶ್ನೆಯೂ ಇದೇ ಅಧ್ಯಾಯದಲ್ಲಿ ಬರುವುದು ಗಮನಾರ್ಹ.

ಹೇಳಲು ಸುಲಭವಾದ ಈ ಕ್ರಮ ಆಚರಣೆಯಲ್ಲಿ ಹಲವು ರೂಪ ತಾಳಿತು. 3ನೇ ಶತಮಾನದ ಸಿರಿಯಾದ 'ದಿದಸ್ಕಾಲಿಯ' ಎಂಬ ನಿಯಮ ಗ್ರಂಥದ ಪ್ರಕಾರ ಬಿಷಪರು ವ್ಯಾಜ್ಯಗಳನ್ನು ಸೋಮವಾರ ಕೇಳಬೇಕು. ತೀರ್ಪಿಗೆ ತಕರಾರು ಬಂದರೆ ಸರಿಪಡಿಸಲು ವಾರವಿಡೀ ಸಮಯವಿರುತ್ತದೆ. ಭಾನುವಾರದ ಆರಾಧನೆಗೆ ಇಬ್ಬರೂ ಒಂದಾಗಿ ಬರಬಹುದು.

ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ 318ರಲ್ಲಿ ಸಿವಿಲ್ ಮೊಕದ್ದಮೆಗಳನ್ನು ಬಿಷಪರ ಮುಂದೆ ಒಯ್ಯಲು ಅವಕಾಶ ಕೊಟ್ಟ. ರಾಜಿ ಕಟ್ಟೆ ನ್ಯಾಯಾಲಯವಾಯಿತು. ಉತ್ತರ ಆಫ್ರಿಕದ ಹಿಪ್ಪೋದಲ್ಲಿ ಬಿಷಪರಾಗಿದ್ದ ಅಗಸ್ಟೀನರು, ಜನರ ವ್ಯಾಜ್ಯ ಕೇಳುವುದರಲ್ಲೇ ತಮ್ಮ ಹೊತ್ತು ಹೋಗುತ್ತಿದೆಯೆಂದು ಬೇಸರಪಟ್ಟಿದ್ದರು. ಮೂರನೆಯ ಮೆಟ್ಟಿಲು ಬೆಳೆದು ಮೊದಲನೆಯದು ಮರೆಯಾಗತೊಡಗಿತ್ತು.

ಅದನ್ನು ಮತ್ತೆ ನೆನಪಿಸಿದವರಲ್ಲಿ ಸ್ವಿಟ್ಜರ್ಲೆಂಡಿನ ಅನಬ್ಯಾಪ್ಟಿಸ್ಟರು ಮುಖ್ಯರು. 1527ರಲ್ಲಿ ಶ್ಲೈಟ್‌ಹೈಮ್‌ನಲ್ಲಿ ಸೇರಿದ ಅವರು, ತಪ್ಪಿದವನಿಗೆ ಎರಡು ಸಲ ಗುಟ್ಟಾಗಿ ಬುದ್ಧಿ ಹೇಳಿ, ಮೂರನೆಯ ಸಲವಷ್ಟೇ ಸಭೆಯಲ್ಲಿ ಹೇಳಬೇಕೆಂದು ನಿರ್ಣಯಿಸಿದರು. ಕತ್ತಿ, ಸೆರೆಮನೆ ಬೇಡ. ಬಹಿಷ್ಕಾರವೇ ಕೊನೆಯ ಅಸ್ತ್ರ.

ಆದರೆ ಆ ಅಸ್ತ್ರವೇ ಅವರನ್ನು ಒಡೆಯಿತು. ಬಹಿಷ್ಕೃತನೊಡನೆ ಊಟವನ್ನೂ ಮಾಡಬಾರದೆಂದು ಯಾಕೋಬ್ ಅಮ್ಮಾನ್ ಪಟ್ಟು ಹಿಡಿದರು. ಹಾನ್ಸ್ ರೈಸ್ಟ್ ಒಪ್ಪಲಿಲ್ಲ. 1693ರಲ್ಲಿ ಸಮುದಾಯ ಇಬ್ಭಾಗವಾಯಿತು. ದುಡುಕಿದೆವೆಂದು 1700ರಲ್ಲಿ ಅಮ್ಮಾನ್ ಕಡೆಯವರು ಕ್ಷಮೆ ಕೋರಿದರೂ ಒಡಕು ಕೂಡಲಿಲ್ಲ. ಜಗಳ ತೀರಿಸುವ ಬಗೆಯ ಮೇಲೆ ಎದ್ದ ಜಗಳ ಹೀಗೆ ತೀರದೇ ಉಳಿಯಿತು. ಅಮ್ಮಾನ್ ಅನುಯಾಯಿಗಳ ಪರಂಪರೆಯವರೇ ಇಂದು ಅಮೆರಿಕದಲ್ಲಿರುವ ಆಮಿಷ್ ಜನ. ವರ್ಷಕ್ಕೆರಡು ಬಾರಿ ನಡೆಯುವ ಪ್ರಭುಭೋಜನಕ್ಕೆ ಮುನ್ನ ಅವರು ಸಭೆ ಸೇರಿ ಮನಸ್ತಾಪಗಳನ್ನು ಬಗೆಹರಿಸಿಕೊಳ್ಳುತ್ತಾರೆ. ಒಮ್ಮತ ಮೂಡದಿದ್ದರೆ ಪ್ರಭುಭೋಜನವನ್ನೇ ಮುಂದೂಡುವುದುಂಟು.

ಈ ಕ್ರಮಕ್ಕೆ ಮಿತಿಯೂ ಇದೆ. ಇದು ಸರಿಸಮಾನರ ನಡುವಿನ ಮನಸ್ತಾಪಕ್ಕೆ ಹೇಳಿದ್ದು. ದೌರ್ಜನ್ಯಕ್ಕೆ ಒಳಗಾದ ಮಗುವಿಗೆ, ಅಧಿಕಾರವುಳ್ಳವನ ಬಳಿ ಒಂಟಿಯಾಗಿ ಹೋಗೆನ್ನುವುದು ನ್ಯಾಯವಲ್ಲ. ಗುಟ್ಟಾಗಿ ಮುಗಿಸುವ ರೂಢಿ ಎಂಥ ಅಪರಾಧಗಳನ್ನು ಮುಚ್ಚಿಹಾಕಿತೆಂಬುದು 2002ರಲ್ಲಿ ಅಮೆರಿಕದ ಬಾಸ್ಟನ್ ನಗರದ ಚರ್ಚ್ ಹಗರಣಗಳು ಬಯಲಾದಾಗ ಜಗತ್ತಿಗೆ ತಿಳಿಯಿತು. ಇಂಥ ದೂರುಗಳನ್ನು ಪಾದ್ರಿಗಳು ಮೇಲಿನವರಿಗೆ ವರದಿ ಮಾಡಲೇಬೇಕೆಂದು ಪೋಪ್ ಫ್ರಾನ್ಸಿಸ್ 2019ರಲ್ಲಿ ಆಜ್ಞೆ ಹೊರಡಿಸಿದರು.

ಅಪರಾಧಕ್ಕೆ ಕಾನೂನಿದೆ. ದಿನನಿತ್ಯದ ಕಹಿಮಾತು, ಅಪಾರ್ಥ, ಅವಮಾನಗಳಿಗೆ ಇಲ್ಲ. ಅಲ್ಲಿ ಆ ಮೊದಲ ಮೆಟ್ಟಿಲು ಇಂದಿಗೂ ಉಪಯುಕ್ತ. ಆದರೆ ಬೇರೆಯವರಲ್ಲಿ ದೂರುವ ಮೊದಲೇ ಅದನ್ನು ಹತ್ತಬೇಕು.