ಕಾರ್ಮಿಕರು ಹತ್ತಿದ ಬೆಟ್ಟ

1895ರ ಮಾರ್ಚ್‌ನಲ್ಲಿ ವಿಯೆನ್ನಾದ ಕಾರ್ಮಿಕರ ಪತ್ರಿಕೆಯೊಂದರಲ್ಲಿ ಶಾಲಾ ಮಾಸ್ತರ ಗಿಯೋರ್ಗ್ ಶ್ಮೀಡ್ಲ್ ಒಂದು ಪುಟ್ಟ ಜಾಹೀರಾತು ಕೊಟ್ಟು, ನಿಸರ್ಗಪ್ರಿಯರನ್ನು ಜೊತೆಗೂಡಲು ಕರೆದರು. ಕಮ್ಮಾರ ಅಲೋಯ್ಸ್ ರೋರೌವರ್, ಕಾನೂನು ವಿದ್ಯಾರ್ಥಿ ಕಾರ್ಲ್ ರೆನ್ನರ್ ಕೈಜೋಡಿಸಿದರು. ಈಸ್ಟರ್ ಹೊತ್ತಿಗೆ ಸಮೀಪದ ಆನಿಂಗರ್ ಬೆಟ್ಟಕ್ಕೆ ಮೊದಲ ನಡಿಗೆ ಹೊರಟಿತು. ಅದೇ ವರ್ಷ ‘ನಾಟುರ್‌ಫ್ರಾಯಿಂಡೆ’ ಸಂಘ ಹುಟ್ಟಿತು. ಇದನ್ನು ಬರೀ ವಿಹಾರವೆಂದು ಬದಿಗಿಡುವಂತಿಲ್ಲ. ಕಾರ್ಖಾನೆಯ ದುಡಿಮೆಗೆ 1885ರ ಕಾಯ್ದೆ ಹಾಕಿದ್ದ ಮಿತಿಯೇ ದಿನಕ್ಕೆ 11 ಗಂಟೆ. ಅಷ್ಟು ಹೊತ್ತು ದುಡಿಯುವವರ ಮನೆಗಳಿಗೆ ಬೆಟ್ಟವೇ ಬಯಲು ಶಾಲೆಯಾಯಿತು. ವಿಯೆನ್ನಾದ ದಕ್ಷಿಣದ ಈ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಕಪ್ಪು ಪೈನ್ ಮರಗಳ ತೊಗಟೆ ಕೆತ್ತಿ ರಾಳ ಇಳಿಸುವುದೇ ಒಂದು ಕಸುಬಾಗಿತ್ತು. ಗಾಯಗೊಂಡ ಒಂದು ಕಾಂಡದ ಮುಂದೆ ನಿಂತರೆ ಮಗುವಿಗೆ ಸಸ್ಯಶಾಸ್ತ್ರವೂ ದುಡಿಮೆಯ ಚರಿತ್ರೆಯೂ ಒಟ್ಟಿಗೇ ಸಿಗುತ್ತಿದ್ದವು.

ಉಳ್ಳವರ ಆಲ್ಪೈನ್ ಸಂಘ 1862ರಲ್ಲೇ ಇತ್ತಲ್ಲ, ಇದು ಅದರ ಅನುಕರಣೆಯಲ್ಲವೇ ಎನ್ನಬಹುದು. ಹತ್ತುವ ಕಲೆ ಅಲ್ಲಿಂದ ಬಂದಿರಬಹುದು, ಉದ್ದೇಶ ಬೇರೆ. ಇಲ್ಲಿ ಶಿಖರಕ್ಕಿಂತ ದಾರಿಯ ಕಲಿಕೆ ಮುಖ್ಯ. ಸಂಘವು ಕಾರ್ಮಿಕ ಹೋರಾಟದಿಂದ ಜನರನ್ನು ಬೇರೆಡೆಗೆ ಸೆಳೆಯಿತು ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಆದರೆ ನಿರುಪದ್ರವಿ ಹವ್ಯಾಸಕ್ಕೆ ಯಾವ ಸರ್ವಾಧಿಕಾರಿಯೂ ಹೆದರುವುದಿಲ್ಲ. ಈ ಸಂಘವನ್ನು ಜರ್ಮನಿಯಲ್ಲಿ 1933ರಲ್ಲಿ, ಆಸ್ಟ್ರಿಯಾದಲ್ಲಿ 1934ರಲ್ಲಿ ನಿಷೇಧಿಸಿದರು. ಆ ನಿಷೇಧಕ್ಕೂ ಮೊದಲೇ, 1919ರಿಂದ ಆಸ್ಟ್ರಿಯಾದ ಶಿಕ್ಷಣ ಸುಧಾರಕ ಓಟ್ಟೋ ಗ್ಲ್ಯೋಕೆಲ್ ನಡೆಸಿದ ಸುಧಾರಣೆ, ಮಕ್ಕಳನ್ನು ತರಗತಿಯಾಚೆ ಕರೆದೊಯ್ದು ಕಲಿಸುವುದನ್ನು ಶಾಲೆಯ ಕೆಲಸವೆಂದೇ ಒಪ್ಪಿತ್ತು.

ಸ್ಥಾಪಕರಲ್ಲಿ ಒಬ್ಬರಾದ ರೆನ್ನರ್ 1945ರಲ್ಲಿ ಆಸ್ಟ್ರಿಯಾದ ಅಧ್ಯಕ್ಷರಾದರು. ಸಂಘ ಇಂದಿಗೂ ನಡೆಯುತ್ತಿದೆ.