ಸುರಕ್ಷಿತ ವಲಯ: ಸ್ರೆಬ್ರೆನಿತ್ಸಾದಲ್ಲಿ ವಿಶ್ವಸಂಸ್ಥೆ

ವಿಶ್ವಸಂಸ್ಥೆಯ ಕುರಿತು ನಮ್ಮಲ್ಲಿ ಎರಡು ಮಾತುಗಳು ಬಹಳ ಕಾಲದಿಂದ ಚಾಲ್ತಿಯಲ್ಲಿವೆ. ಅದು ದೊಡ್ಡ ರಾಷ್ಟ್ರಗಳ ಕೈಗೊಂಬೆ ಎಂಬುದು ಒಂದು. ಅದೂ ಇಲ್ಲದಿದ್ದರೆ ಜಗತ್ತು ಇನ್ನಷ್ಟು ಹಾಳಾಗುತ್ತಿತ್ತು ಎಂಬುದು ಇನ್ನೊಂದು. ಆಯಾ ದಿನದ ಸುದ್ದಿ ನೋಡಿಕೊಂಡು ನಾವು ಎರಡರಲ್ಲೊಂದನ್ನು ಆರಿಸಿಕೊಳ್ಳುತ್ತೇವೆ. ಆದರೆ ಈ ಎರಡೂ ಮಾತುಗಳು ಒಂದೇ ಊರಿನ ಮಟ್ಟಿಗೆ ನಿಜವಾದ ಉದಾಹರಣೆಯೊಂದು ಚರಿತ್ರೆಯಲ್ಲಿದೆ. ಅದು ಬೋಸ್ನಿಯಾದ ಸ್ರೆಬ್ರೆನಿತ್ಸಾ.

ಸೆರ್ಬಿಯಾದ ಗಡಿಗೆ ಹತ್ತಿರ, ಬೆಟ್ಟಗಳ ನಡುವಿನ ಕಣಿವೆಯಲ್ಲಿರುವ ಸಣ್ಣ ಪಟ್ಟಣವಿದು. ಹಿಂದೆ ಅಲ್ಲಿ ಬೆಳ್ಳಿಯ ಗಣಿಗಳಿದ್ದವು, ಊರಿನ ಹೆಸರಿನಲ್ಲೇ ಬೆಳ್ಳಿಯಿದೆ. ಯುದ್ಧಕ್ಕೆ ಮುಂಚೆ ಊರೂ ಸುತ್ತಲಿನ ಹಳ್ಳಿಗಳೂ ಸೇರಿ ಸುಮಾರು 37 ಸಾವಿರ ಜನ. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು ಮುಸ್ಲಿಮರು, ಉಳಿದವರು ಹೆಚ್ಚಾಗಿ ಸೆರ್ಬರು. 1992ರಲ್ಲಿ ಯುಗೋಸ್ಲಾವಿಯಾದಿಂದ ಬೋಸ್ನಿಯಾ ಬೇರೆಯಾಗುತ್ತಲೇ ಯುದ್ಧ ಆರಂಭವಾಯಿತು. ಸುತ್ತಲ ಹಳ್ಳಿಗಳಿಂದ ಓಡಿಸಲ್ಪಟ್ಟ ಮುಸ್ಲಿಮರು ಈ ಪಟ್ಟಣಕ್ಕೆ ಬಂದು ತುಂಬಿಕೊಂಡರು. ಸೆರ್ಬ್ ಸೇನೆ ಊರನ್ನು ಮುತ್ತಿತು. ತಿನ್ನಲು ಅನ್ನವಿಲ್ಲ, ಗಾಯಾಳುಗಳಿಗೆ ಔಷಧಿಯಿಲ್ಲ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. 1991ರ ಸೆಪ್ಟೆಂಬರ್‌ನಲ್ಲೇ ಭದ್ರತಾ ಮಂಡಳಿ ಇಡೀ ಯುಗೋಸ್ಲಾವಿಯಾಕ್ಕೆ ಶಸ್ತ್ರಾಸ್ತ್ರ ಮಾರಾಟವನ್ನು ನಿಷೇಧಿಸಿತ್ತು. ನೋಡಲು ನಿಷ್ಪಕ್ಷಪಾತದ ತೀರ್ಮಾನ. ಆದರೆ ಹಳೆಯ ಯುಗೋಸ್ಲಾವ್ ಸೇನೆಯ ಟ್ಯಾಂಕ್, ಫಿರಂಗಿಗಳು ಒಂದು ಕಡೆಯವರ ಕೈಯಲ್ಲಿ ಆಗಲೇ ಇದ್ದವು. ಇದ್ದವರಿಗೂ ಇಲ್ಲದವರಿಗೂ ಒಂದೇ ನಿಷೇಧ!

1993ರ ಮಾರ್ಚ್‌ನಲ್ಲಿ ಬೋಸ್ನಿಯಾದ ಶಾಂತಿಪಾಲನಾ ಪಡೆಯ ಫ್ರೆಂಚ್ ಜನರಲ್ ಮೊರಿಯೋನ್ ಊರಿಗೆ ಬಂದರು. ಹೊರಡಲು ನೋಡಿದಾಗ ಹೆಂಗಸರು ಮಕ್ಕಳು ಅವರ ವಾಹನಕ್ಕೆ ಅಡ್ಡ ನಿಂತರು. ನೀವು ವಿಶ್ವಸಂಸ್ಥೆಯ ರಕ್ಷಣೆಯಲ್ಲಿದ್ದೀರಿ, ನಿಮ್ಮನ್ನು ಕೈಬಿಡುವುದಿಲ್ಲ ಎಂದು ಅವರು ಅಲ್ಲೇ ಘೋಷಿಸಬೇಕಾಯಿತು. ನ್ಯೂಯಾರ್ಕಿನಲ್ಲಿ ಯಾರೂ ಅವರಿಗೆ ಹಾಗೆ ಹೇಳಲು ಅನುಮತಿ ಕೊಟ್ಟಿರಲಿಲ್ಲ. ಆದರೆ ಏಪ್ರಿಲ್ 16ರಂದು ಭದ್ರತಾ ಮಂಡಳಿ 819ನೇ ನಿರ್ಣಯದ ಮೂಲಕ ಸ್ರೆಬ್ರೆನಿತ್ಸಾವನ್ನು ‘ಸುರಕ್ಷಿತ ವಲಯ’ವೆಂದು ಸಾರಿತು. ಮೇ ತಿಂಗಳಲ್ಲಿ ಸರಾಯೆವೊ ಸೇರಿ ಇನ್ನೂ ಐದು ಊರುಗಳಿಗೆ ಅದೇ ಹೆಸರು ಬಂತು.

ಸುರಕ್ಷಿತ ಎಂದರೆ ಏನು? ಅದನ್ನು ಯಾರೂ ಬಿಡಿಸಿ ಹೇಳಲಿಲ್ಲ. ಜೂನ್ 4ರ 836ನೇ ನಿರ್ಣಯವನ್ನು ಓದಿದರೆ, ಶಾಂತಿಪಡೆಯ ಕೆಲಸ ದಾಳಿ ಮಾಡದಂತೆ ಎದುರಾಳಿಯನ್ನು ‘ಹಿಂಜರಿಸುವುದು’ ಎಂದಿದೆಯೇ ಹೊರತು ಊರನ್ನು ‘ಕಾಪಾಡುವುದು’ ಎಂದಿಲ್ಲ. ಬಲಪ್ರಯೋಗದ ಮಾತು ಬಂದಲ್ಲಿ ‘ಆತ್ಮರಕ್ಷಣೆಗಾಗಿ’ ಎಂಬ ಪದವನ್ನು ಜೋಡಿಸಲಾಗಿದೆ. ಕರಡು ಬರೆದವರು ಪದಗಳನ್ನು ತೂಗಿ ನೋಡಿಯೇ ಇಟ್ಟಿದ್ದರು. ಆಗ ಮಂಡಳಿಯಲ್ಲಿದ್ದ ಪಾಕಿಸ್ತಾನ ಮತ್ತು ವೆನೆಜುವೆಲಾ ಮತ ಹಾಕದೆ ಹೊರಗುಳಿದವು. ಈ ವಲಯಗಳು ನಿಜಕ್ಕೂ ಸುರಕ್ಷಿತವಾಗಬೇಕಾದರೆ ಸುಮಾರು 34,000 ಹೆಚ್ಚುವರಿ ಸೈನಿಕರು ಬೇಕೆಂದು ಸೇನಾಧಿಕಾರಿಗಳ ಅಂದಾಜು. ಮಂಡಳಿ ಒಪ್ಪಿದ್ದು 7,600. ಅಷ್ಟನ್ನು ಕೊಡಲೂ ಸದಸ್ಯ ರಾಷ್ಟ್ರಗಳು ಮೀನಮೇಷ ಎಣಿಸಿದವು.

ನ್ಯೂಯಾರ್ಕಿನ ಈ ಪದಗಳ ಲೆಕ್ಕಾಚಾರ ಮುತ್ತಿಗೆಯೊಳಗಿನ ತಾಯಂದಿರಿಗೆ ಹೇಗೆ ತಿಳಿಯಬೇಕು? ಅವರಿಗೆ ಕೇಳಿಸಿದ್ದು ‘ಸುರಕ್ಷಿತ’ ಎಂಬ ಒಂದೇ ಪದ. ಒಪ್ಪಂದದಂತೆ ಊರಿನ ಹೋರಾಟಗಾರರು ತಮ್ಮಲ್ಲಿದ್ದ ಕೆಲವೇ ದೊಡ್ಡ ಆಯುಧಗಳನ್ನು ಶಾಂತಿಪಡೆಗೆ ಒಪ್ಪಿಸಿದರು. ಎಲ್ಲವನ್ನೂ ಒಪ್ಪಿಸಲಿಲ್ಲ ಎಂಬುದೂ ನಿಜ. ಅವರು ಸುತ್ತಲ ಸೆರ್ಬ್ ಹಳ್ಳಿಗಳ ಮೇಲೆ ದಾಳಿ ಮಾಡಿ ಜೀವ ತೆಗೆದದ್ದೂ ನಿಜ. ಅದನ್ನು ಮುಚ್ಚಿಟ್ಟು ಚರಿತ್ರೆ ಬರೆಯಲಾಗದು. ಆದರೆ ಮುಂದೆ ನಡೆದದ್ದಕ್ಕೆ ಅದು ಸಮರ್ಥನೆಯಾಗಲಾರದು.

1995ರ ಜುಲೈ 6ರಂದು ಜನರಲ್ ಮ್ಲಾದಿಚ್‌ನ ಸೇನೆ ದಾಳಿ ಆರಂಭಿಸಿತು. ಒಪ್ಪಿಸಿದ್ದ ಆಯುಧಗಳನ್ನು ವಾಪಸು ಕೊಡಿ ಎಂದು ಊರಿನವರು ಕೇಳಿದರು. ಡಚ್ ಪಡೆ ಕೊಡಲಿಲ್ಲ. ಆ ಪಡೆಯಲ್ಲಿದ್ದವರೇ ಕೆಲವು ನೂರು ಮಂದಿ, ಹಗುರ ಆಯುಧಗಳವರು. ವಾಯುದಾಳಿಯ ಬೇಡಿಕೆ ಮೇಲಿನ ಕಚೇರಿಗಳಲ್ಲಿ ಅತ್ತಿತ್ತ ಓಡಾಡಿತು. 11ರಂದು ಎರಡು ವಿಮಾನಗಳು ಬಂದು ಎರಡು ಬಾಂಬ್ ಹಾಕಿ ಹೋದವು. ಒತ್ತೆಯಲ್ಲಿರುವ ಡಚ್ ಸೈನಿಕರನ್ನು ಕೊಲ್ಲುತ್ತೇವೆಂದು ಸೆರ್ಬರು ಬೆದರಿಸಿದಾಗ ಅದೂ ನಿಂತಿತು. ಸಂಜೆಯೊಳಗೆ ಊರು ಬಿತ್ತು.

ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ಜನ ಪೊಟೊಚಾರಿಗೆ ಓಡಿದರು. ಅಲ್ಲಿನ ಹಳೆಯ ಬ್ಯಾಟರಿ ಕಾರ್ಖಾನೆ ಡಚ್ ಪಡೆಯ ನೆಲೆಯಾಗಿತ್ತು. ಮರುದಿನದಿಂದ ಗಂಡಸರನ್ನೂ ಹುಡುಗರನ್ನೂ ಬೇರೆ ಮಾಡಿ, ಹೆಂಗಸರು ಮಕ್ಕಳನ್ನು ಬಸ್ಸು ಹತ್ತಿಸಲಾಯಿತು. ಆವರಣದೊಳಗೆ ಸೇರಿಕೊಂಡಿದ್ದ ಸುಮಾರು 350 ಗಂಡಸರನ್ನು 13ರಂದು ಹೊರಗೆ ಕಳುಹಿಸಲಾಯಿತು. ಕಾಡುದಾರಿಯಲ್ಲಿ ತುಜ್ಲಾದ ಕಡೆ ನಡೆದು ಹೊರಟ ಸಾವಿರಾರು ಮಂದಿಯಲ್ಲಿ ಬಹಳಷ್ಟು ಜನ ಸಿಕ್ಕಿಬಿದ್ದರು. ಕೆಲವೇ ದಿನಗಳಲ್ಲಿ ಕೊಲ್ಲಲ್ಪಟ್ಟವರು ಸುಮಾರು 8,000.

ಸಿಡುಬು ರೋಗವನ್ನು ಭೂಮಿಯಿಂದಲೇ ಅಳಿಸಿ, 1980ರಲ್ಲಿ ಅದನ್ನು ಘೋಷಿಸಿದ್ದು ಇದೇ ವಿಶ್ವಸಂಸ್ಥೆಯ ಕುಟುಂಬದ ಆರೋಗ್ಯ ಸಂಸ್ಥೆ. ಶೀತಲ ಸಮರದ ನಡುವೆಯೂ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಅದರಲ್ಲಿ ಕೈಜೋಡಿಸಿದ್ದವು. ಸಿಡುಬಿನ ಪರ ವಹಿಸುವ ರಾಷ್ಟ್ರ ಯಾವುದೂ ಇರಲಿಲ್ಲವಲ್ಲ! ಬೋಸ್ನಿಯಾದ ವಿಷಯದಲ್ಲಿ ವಾಷಿಂಗ್ಟನ್, ಲಂಡನ್, ಪ್ಯಾರಿಸ್, ಮಾಸ್ಕೋಗಳದ್ದು ಒಂದೊಂದು ದಾರಿಯಾಗಿತ್ತು. ಒಮ್ಮತವಿಲ್ಲದ ಜಾಗವನ್ನು ಅವರು ನಿರ್ಣಯಗಳಿಂದ ತುಂಬಿಸಿದರು. ಬಲವಿಲ್ಲದ ಸಂಸ್ಥೆ ಬರಲಾಗದು ಎಂದಿದ್ದರೆ ಜನ ಬೇರೆ ದಾರಿ ಹುಡುಕುತ್ತಿದ್ದರೋ ಏನೋ. ಬಂದು, ಅಭಯ ಕೊಟ್ಟು, ಆಯುಧ ಪಡೆದು, ಕೊನೆಗೆ ಕೈಚೆಲ್ಲಿದ್ದು ಬರೀ ದೌರ್ಬಲ್ಯವಲ್ಲ ಎಂಬುದು ನಮ್ಮ ಅಭಿಪ್ರಾಯ. 1999ರಲ್ಲಿ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಹೊರಡಿಸಿದ ದೀರ್ಘ ವರದಿ ಈ ತಪ್ಪನ್ನು ಬಹುಮಟ್ಟಿಗೆ ಒಪ್ಪಿಕೊಂಡಿತು. ಇಷ್ಟು ಕಟುವಾಗಿ ತನ್ನನ್ನು ತಾನೇ ವಿಮರ್ಶಿಸಿಕೊಂಡ ಸರಕಾರಗಳು ವಿರಳ.

ಇನ್ನೊಂದು ಮಗ್ಗುಲನ್ನೂ ನೋಡೋಣ. 836ನೇ ನಿರ್ಣಯಕ್ಕೆ ಹತ್ತು ದಿನ ಮುಂಚೆ, 1993ರ ಮೇ 25ರಂದು, ಇದೇ ಮಂಡಳಿ ಯುಗೋಸ್ಲಾವಿಯಾದ ಯುದ್ಧಾಪರಾಧಗಳ ವಿಚಾರಣೆಗೆ ಹೇಗ್‌ನಲ್ಲಿ ನ್ಯಾಯಮಂಡಳಿ ಸ್ಥಾಪಿಸಿತ್ತು. ಆಗ ಅದನ್ನು ಕಣ್ಣೊರೆಸುವ ತಂತ್ರವೆಂದೇ ಹಲವರು ಭಾವಿಸಿದ್ದರು. ಆದರೆ ಅದು ಒಟ್ಟು 161 ಮಂದಿಯ ಮೇಲೆ ಆರೋಪ ಹೊರಿಸಿತು. ತಲೆಮರೆಸಿಕೊಂಡವನಾಗಿ ಒಬ್ಬನೂ ಉಳಿಯಲಿಲ್ಲ. ಸ್ರೆಬ್ರೆನಿತ್ಸಾದಲ್ಲಿ ನಡೆದದ್ದು ಜನಾಂಗಹತ್ಯೆ ಎಂದು ಅದು 2001ರಲ್ಲಿ ತೀರ್ಪಿತ್ತಿತು. 2007ರಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯವೂ ಹಾಗೆಯೇ ಹೇಳಿತು. ಹದಿನಾರು ವರ್ಷ ಅಡಗಿದ್ದ ಮ್ಲಾದಿಚ್ 2011ರಲ್ಲಿ ಸಿಕ್ಕಿಬಿದ್ದ. ಅವನ ಜೀವಾವಧಿ ಶಿಕ್ಷೆ 2021ರಲ್ಲಿ ಮೇಲ್ಮನವಿಯಲ್ಲೂ ಖಾಯಂ ಆಯಿತು.

ಆದರೆ ಆ ತಾಯಂದಿರು ವಿಶ್ವಸಂಸ್ಥೆಯ ಮೇಲೆಯೇ ಮೊಕದ್ದಮೆ ಹೂಡಿದಾಗ, ಅದಕ್ಕೆ ಕಾನೂನಿನ ವಿನಾಯಿತಿಯಿದೆ ಎಂದು 2012ರಲ್ಲಿ ನೆದರ್‌ಲ್ಯಾಂಡ್ಸಿನ ಸರ್ವೋಚ್ಚ ನ್ಯಾಯಾಲಯ ಹೇಳಿತು. ಡಚ್ ಸರಕಾರವನ್ನು ಮಾತ್ರ ಹೊಣೆ ಮಾಡಬಹುದಾಗಿತ್ತು. 2019ರ ತೀರ್ಪಿನಲ್ಲಿ, ಆವರಣದಿಂದ ಹೊರಗೆ ಕಳುಹಿಸಲ್ಪಟ್ಟ ಆ 350 ಮಂದಿಯ ವಿಷಯದಲ್ಲಿ ಅದರ ಹೊಣೆಯನ್ನು ನೂರಕ್ಕೆ ಹತ್ತು ಎಂದು ನಿಗದಿಪಡಿಸಲಾಯಿತು. ಒಳಗೇ ಇರಲು ಬಿಟ್ಟಿದ್ದರೂ ಅವರು ಬದುಕುಳಿಯುವ ಸಾಧ್ಯತೆ ಅಷ್ಟೇ ಇತ್ತೆಂಬುದು ಲೆಕ್ಕ.

2024ರ ಮೇ 23ರಂದು ವಿಶ್ವಸಂಸ್ಥೆಯ ಮಹಾಸಭೆ ಜುಲೈ 11ನ್ನು ಸ್ರೆಬ್ರೆನಿತ್ಸಾ ಸ್ಮರಣೆಯ ದಿನವೆಂದು ಅಂಗೀಕರಿಸಿತು. ಪರವಾಗಿ 84 ಮತ, ವಿರುದ್ಧ 19. ಮತ ಹಾಕದೆ ಹೊರಗುಳಿದ ರಾಷ್ಟ್ರಗಳು 68.

ಕೊಂದವರು ಸಮಾಧಿಗಳನ್ನು ಯಂತ್ರಗಳಿಂದ ಅಗೆದು ಬೇರೆಡೆಗೆ ಸಾಗಿಸಿದ್ದರಿಂದ ಒಬ್ಬನೇ ಮನುಷ್ಯನ ಎಲುಬುಗಳು ಎರಡು ಮೂರು ಕಡೆ ಸಿಕ್ಕಿವೆ. ಮನೆಯವರ ರಕ್ತದೊಂದಿಗೆ ಡಿಎನ್ಎ ತಾಳೆ ನೋಡಿ ಸುಮಾರು 7,000 ಮಂದಿಯ ಗುರುತು ಹಚ್ಚಲಾಗಿದೆ. ಪ್ರತಿ ಜುಲೈ 11ರಂದು, ಆ ವರ್ಷ ಗುರುತು ಸಿಕ್ಕವರ ಜನಾಝಾ ನಮಾಝ್ ಪೊಟೊಚಾರಿಯಲ್ಲಿ ನಡೆಯುತ್ತದೆ. ರಸ್ತೆಯ ಈಚೆ ಕಬರಸ್ತಾನ, ಆಚೆ ಆ ಬ್ಯಾಟರಿ ಕಾರ್ಖಾನೆ.